ಆಯ್ತಪ್ಪನ ಮೊಣಕಾಲು

ನಾನು ನೋಡುತ್ತಿರುವಾಗ ಆ ಯಂತ್ರ ಒಮ್ಮೆಯೂ ತಪ್ಪು ಮಾಡುತ್ತಿರಲಿಲ್ಲ. ನನ್ನ ಹೆದರಿಕೆಗೆ ಅದೇ ಕಾರಣ.

ಆಪರೇಷನ್ ಆದ ಮೊಣಕಾಲನ್ನು ಮೆಲ್ಲಗೆ ಮಡಿಸಿ ಬಿಡಿಸುವ ಯಂತ್ರ ಅದು. ಎಷ್ಟು ಡಿಗ್ರಿಯವರೆಗೆ ಮಡಿಸಬೇಕೆಂದು ಪರದೆಯ ಮೇಲೆ ಒತ್ತಿದರೆ ಅಲ್ಲಿಗೇ ನಿಲ್ಲಬೇಕು. ಪ್ರೋಗ್ರಾಂ ಬರೆಯುವವನು ಅವನು, ಪರೀಕ್ಷೆ ಮಾಡುವವಳು ನಾನು. ಏನು ಹೇಳಿದರೂ ತಲೆಯೆತ್ತದೆ "ಆಯ್ತು" ಅನ್ನುತ್ತಿದ್ದುದರಿಂದ ಆಫೀಸಿನಲ್ಲಿ ಅವನ ಹೆಸರು ಆಯ್ತಪ್ಪ. ನನಗಿಟ್ಟ ಹೆಸರು ಅನುಮಾನಮ್ಮ.

ಹಿಂದಿನ ವಾರ, ಮರಳು ತುಂಬಿದ ರಬ್ಬರ್ ಕಾಲನ್ನು ಅದರಲ್ಲಿ ಮಲಗಿಸಿ, ಯಂತ್ರದ ನಡೆಯನ್ನು ಬರೆದಿಡುವ ಲಾಗ್ ನಿಲ್ಲಿಸಿ ನೀರು ಕುಡಿಯಲು ಹೋಗಿದ್ದೆ. ಬಂದು ನೋಡಿದರೆ ಪರದೆಯಲ್ಲಿ ಅರವತ್ತು, ಕಾಲು ಮಾತ್ರ ತೊಂಬತ್ತಕ್ಕೆ ಮಡಿಸಿಕೊಂಡಿತ್ತು. ಆಮೇಲೆ ಪ್ರತಿ ಹೆಜ್ಜೆಯನ್ನೂ ಲಾಗ್‌ನಲ್ಲಿ ದಾಖಲಿಸುತ್ತ ಎಷ್ಟು ಸಲ ಓಡಿಸಿದರೂ ಅರವತ್ತಕ್ಕೇ ನಿಂತಿತು.

"ತೊಂಬತ್ತು ನೀವೇ ಒತ್ತಿರ್ತೀರ," ಎಂದ ಅವನು.

"ಮೊದಲು ಒತ್ತಿದ್ದೆ. ಆಮೇಲೆ ಅರವತ್ತಕ್ಕೆ ಇಳಿಸಿದ್ದೆ."

"ಹಗ್ಗ ಕಂಡ್ರೂ ಹಾವು ಅಂತೀರಲ್ರೀ."

"ಹಾವೇ ಆಗಿದ್ರೆ ಕಚ್ಚೋದು ನಿಮ್ಮನ್ನ."

ನಮ್ಮಲ್ಲಿ ಪದ್ಧತಿಯೇ ಹಾಗಿತ್ತು: ಪ್ರೋಗ್ರಾಂ ಬರೆದವರೇ ಮೊದಲ ರೋಗಿ. ಸಾಲದ್ದಕ್ಕೆ ಅವನು ಸ್ಕೂಟರಿನಿಂದ ಬಿದ್ದು ಮೊಣಕಾಲಿಗೆ ಆಪರೇಷನ್ ಆಗಿತ್ತು. ಈಗಲೇ ಅರವತ್ತು ದಾಟಿದರೆ ಒಳಗಿನ ಹೊಲಿಗೆ ಕಿತ್ತುಹೋಗಿ, ಮತ್ತೆ ನೆಟ್ಟಗೆ ನಡೆಯುವುದೇ ಕಷ್ಟ ಎಂದಿದ್ದರು ಡಾಕ್ಟರ್. ಅವನು ಊರುಗೋಲನ್ನು ಮೇಜಿಗೆ ಒರಗಿಸಿ ನಗುತ್ತಿದ್ದ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ತುಸು ಹೆಚ್ಚು ಕಿರಿದಾಗುತ್ತದೆ. ಅದನ್ನು ನಾನು ಗಮನಿಸಿದೆನೆಂದು ಗೊತ್ತಾದ ಕೂಡಲೇ ಕೀಬೋರ್ಡಿನ ಕಡೆ ತಿರುಗಿಬಿಡುತ್ತಾನೆ.

ಆ ಕಾಲು ಎಂದೆಂದಿಗೂ ಕುಂಟುತ್ತ ಕಾರಿಡಾರಿನಲ್ಲಿ ನಡೆಯುವುದನ್ನು ನಾನು ಕಣ್ಣುಮುಚ್ಚಿದಾಗಲೆಲ್ಲ ಕಂಡೆ.

ಪರೀಕ್ಷೆಯ ದಿನ ಅವನ ಅಕ್ಕ ಬಂದರು. ಫಿಸಿಯೋಥೆರಪಿಸ್ಟ್. ಬಂದವರೇ ನನ್ನ ಕೈ ಹಿಡಿದುಕೊಂಡು, "ನೀನೇ ಅಲ್ವೇನಮ್ಮ? ಮದುವೆ ಆದ್ಮೇಲೂ ಇಬ್ರೂ ಇಲ್ಲೇ ಇರ್ತೀರಂತೆ," ಎಂದರು.

"ಯಾರ ಮದುವೆ?"

ಅಕ್ಕ ನನ್ನನ್ನು ನೋಡಿದರು. ಆಮೇಲೆ ತಮ್ಮನನ್ನು. ಅವನ ಕಿವಿಗಳು ಕೆಂಪಾಗಿದ್ದವು.

"ಲೋ, ಇವಳಿಗೆ ಹೇಳಿ ಆಯ್ತು ಅಂದ್ಯಲ್ಲೋ?"

"ಏನೇನು ಹೇಳ್ಬೇಕು ಅಂತ ಮನಸ್ಸಲ್ಲಿ ಪೂರ್ತಿ ಜೋಡಿಸಿಟ್ಟಿದ್ದೆ ಅಕ್ಕ. ಹೇಳಿದ ಹಾಗೇ ಅನ್ನಿಸ್ತಿತ್ತು."

"ಚೆನ್ನಾಗಿದೆ. ತಾಳಿನೂ ಮನಸ್ಸಲ್ಲೇ ಕಟ್ಟಿಬಿಡು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅಕ್ಕ ಪರದೆಯಲ್ಲಿ ತೊಂಬತ್ತು ಒತ್ತಿ ಯಂತ್ರದಲ್ಲಿದ್ದ ರಬ್ಬರ್ ಕಾಲನ್ನು ಮಡಿಸಿ ನೋಡಿದರು. ಅದನ್ನು ತೆಗೆದು ಅವನು ತನ್ನ ಕಾಲಿಟ್ಟ. ಪಟ್ಟಿ ಬಿಗಿದರು. ಅರವತ್ತು ಒತ್ತಿದರು. ಮೋಟಾರು ಗುಂಯ್‌ಗುಟ್ಟಿತು.

"ಲಾಗ್ ಯಾಕೆ ಬರ್ತಿಲ್ಲ?" ಎಂದೆ.

"ತೆಗೆದಿದ್ದೀನಿ. ಪರದೆ ನಿಧಾನ ಆಗ್ತಿತ್ತು."

ಹೇಳಿದ ಹಾಗೇ ಅನ್ನಿಸ್ತಿತ್ತು. ಆ ಮಾತು ನನ್ನೊಳಗೆ ಎಲ್ಲೋ ಹೋಗಿ ತಾಕಿತು. ಯಂತ್ರ ನಿಲ್ಲಿಸುವ ಕೆಂಪು ಗುಂಡಿಯನ್ನು ನಂಬಲಿಲ್ಲ. ಅದನ್ನು ಓದುವುದೂ ಅವನ ಪ್ರೋಗ್ರಾಮೇ. ಗೋಡೆಯತ್ತ ಓಡಿ ಪ್ಲಗ್ಗನ್ನೇ ಕಿತ್ತೆ.

ಐವತ್ತೈದರ ಗೆರೆಯ ಮೇಲೆ ಅವನ ಕಾಲು ನಿಂತಿತು.

"ಕಾಲು ತೆಗೀರಿ," ಎಂದೆ. "ರಬ್ಬರ್ ಕಾಲಿಡಿ. ಲಾಗ್ ಇಲ್ಲದೆ ಓಡಿಸಿ. ಮೊದಲು ತೊಂಬತ್ತು, ಆಮೇಲೆ ಅರವತ್ತು."

ಪ್ಲಗ್ಗನ್ನು ಮತ್ತೆ ಸಿಕ್ಕಿಸಿದೆ. ಪರದೆ ಅರವತ್ತು ತೋರಿಸಿತು. ರಬ್ಬರ್ ಕಾಲು ಅರವತ್ತನ್ನು ದಾಟಿ, ಎಪ್ಪತ್ತನ್ನು ದಾಟಿ, ತೊಂಬತ್ತಕ್ಕೆ ಹೋಗಿ ನಿಂತಿತು. ಅವನು ತನ್ನ ಮೊಣಕಾಲನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ.

"ನಿಮ್ಮ ಪ್ರೊಸೆಸರೂ ನಿಮ್ಮ ಹಾಗೇ," ಎಂದೆ. "ಅರವತ್ತು ಅಂತ ತನ್ನ ಕ್ಯಾಶ್‌ನಲ್ಲಿ, ಅಂದ್ರೆ ತನ್ನದೇ ಪುಟ್ಟ ಮೆಮೊರೀಲಿ, ಬರ್ಕೊಂಡು ಆಯ್ತು ಅನ್ನುತ್ತೆ. ಮೋಟಾರಿನ ಚಿಪ್ ಓದೋದು ಆಚೆ ಮೆಮೊರೀನ. ಅಲ್ಲಿ ಇನ್ನೂ ತೊಂಬತ್ತೇ ಇರುತ್ತೆ."

"ಲಾಗ್ ಇದ್ದಾಗ ಸರಿ ಇತ್ತಲ್ಲ?"

"ಒಲೆ ಪಕ್ಕದ ಸಣ್ಣ ಡಬ್ಬಿ ಇದ್ದ ಹಾಗೆ ಕ್ಯಾಶ್. ಲಾಗ್ ಬಂದು ತುಂಬ್ಕೊಂಡ್ರೆ ಒಳಗಿದ್ದದ್ದು ಉಗ್ರಾಣಕ್ಕೆ ಹೋಗಲೇಬೇಕು. ಹಾಗೆ ನಮ್ಮ ಅರವತ್ತೂ ಮೆಮೊರಿ ಸೇರ್ತಿತ್ತು. ನಾನು ನೋಡ್ತಿದ್ದದ್ದೇ ಅದನ್ನ ಸರಿ ಮಾಡ್ತಿತ್ತು."

ಅವನು ಕುಂಟುತ್ತ ಹೋಗಿ ಒಂದು ಸಾಲು ಸೇರಿಸಿದ: ಕ್ಯಾಶ್‌ನಲ್ಲಿದ್ದದ್ದನ್ನು ಮೆಮೊರಿಗೆ ಕಳಿಸು. ರಬ್ಬರ್ ಕಾಲು ಅರವತ್ತಕ್ಕೆ ನಿಂತಿತು. ಮತ್ತೆ ಮತ್ತೆ ನಿಂತಿತು. "ಆಯ್ತು," ಎಂದ.

ನಾನು ಒಪ್ಪಲಿಲ್ಲ. ಓಡಿಸುತ್ತಲೇ ಇದ್ದೆ. ಮಧ್ಯಾಹ್ನದ ಹೊತ್ತಿಗೆ ಅದು ಮತ್ತೊಮ್ಮೆ ತೊಂಬತ್ತಕ್ಕೆ ಹೋಯಿತು. ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಕಳಿಸಿದ್ನಲ್ರೀ!"

"ಕಳಿಸಿದ್ರಿ. ಅದಿನ್ನೂ ದಾರೀಲಿದೆ. ಬರೆಯೋದೆಲ್ಲ ಸರದಿ ಕಾಯೋ ರೈಟ್ ಬಫರ್‌ನಲ್ಲಿ ಸಾಲು ನಿಂತಿದೆ. ಅದು ಮೆಮೊರಿ ಸೇರೋಕೆ ಮುಂಚೆನೇ ನೀವು ಮೋಟಾರಿಗೆ ಹೊರಡು ಅಂದ್ಬಿಟ್ರಿ." ನಾನು ಅವನತ್ತ ತಿರುಗಿದೆ. "ಹೇಳಿ ಓಡಿಹೋದ್ರೆ ಆಗಲ್ಲ. ತಲುಪೋ ತನಕ ಕಾಯ್ಬೇಕು."

ಅವನು ಎರಡನೆಯ ಸಾಲು ಸೇರಿಸಿದ: ಬಫರ್ ಖಾಲಿಯಾಗುವವರೆಗೆ ಕಾಯು.

ಸಂಜೆಯವರೆಗೂ ರಬ್ಬರ್ ಕಾಲು ಅರವತ್ತು ದಾಟಲಿಲ್ಲ. ಆಮೇಲೆ ಅವನು ತನ್ನ ಕಾಲಿಟ್ಟ. ನಾನು ಗೋಡೆಯ ಬಳಿ ಕುಕ್ಕುರುಗಾಲಿನಲ್ಲಿ ಕೂತು ಪ್ಲಗ್ಗನ್ನು ಹಿಡಿದುಕೊಂಡೆ. ನಲವತ್ತು. ಐವತ್ತು. ಐವತ್ತೈದು. ಅರವತ್ತು. ನಿಂತಿತು. ಮೆಲ್ಲಗೆ ಬಿಡಿಸಿತು.

ಈ ಸಲ ಅವನು "ಆಯ್ತು" ಅನ್ನಲಿಲ್ಲ.

"ನಂಗೆ ನೀವಂದ್ರೆ ಇಷ್ಟ," ಎಂದ. "ನನ್ನನ್ನ ಮದುವೆ ಆಗ್ತೀರಾ?" ಎಂದವನೇ ರೂಢಿಯಂತೆ ಪರದೆಯ ಕಡೆ ಮುಖ ತಿರುಗಿಸಿದ.

ಅಕ್ಕ ಕಿಟಕಿಯಾಚೆ ಏನೋ ಇದೆ ಎಂಬಂತೆ ಬಹಳ ಶ್ರದ್ಧೆಯಿಂದ ನೋಡತೊಡಗಿದರು.

"ಆ ಕಡೆ ತಿರುಗ್ಬೇಡಿ," ಎಂದೆ. "ಕಾಯಿರಿ."

ಅವನು ನನ್ನತ್ತ ನೋಡಿದ. ಕಾದ. ಕಾಲಿಗೆ ಪಟ್ಟಿ ಬಿಗಿದಿತ್ತು, ಓಡಿಹೋಗುವಂತೆಯೂ ಇರಲಿಲ್ಲ. ಅವನ ಹಣೆಯ ಮೇಲೆ ಬೆವರು ಮೂಡಿತು. ದಿನವಿಡೀ ನನ್ನ ಎದೆಯಲ್ಲಿದ್ದ ಹೆದರಿಕೆ ಈಗ ಅವನ ಕಣ್ಣಲ್ಲಿತ್ತು. ಅದನ್ನು ಕಂಡಮೇಲೆ ನನಗೆ ಸ್ವಲ್ಪ ಧೈರ್ಯ ಬಂತು.

"ಇನ್ನೊಂದ್ಸಲ ಹೇಳಿ."

"ಅನುಮಾನಾನಾ?"

"ಒಂದೇ ಸಲಕ್ಕೆ ನಾನು ಯಾವುದನ್ನ ಪಾಸ್ ಮಾಡಿದ್ದೀನಿ?"

ಅವನು ಮತ್ತೆ ಹೇಳಿದ, ಒಂದೊಂದೇ ಪದವಾಗಿ, ನನ್ನನ್ನೇ ನೋಡುತ್ತ. ಎಡಗಣ್ಣು ಕಿರಿದಾಯಿತು.

ಪ್ಲಗ್ಗಿನಿಂದ ನಾನು ಕೈ ತೆಗೆದೆ.