ಕಪ್ಪಾದ ಪರದೆ, ಬರೆಯದ ಉತ್ತರ

ನೆನೆಸಿಟ್ಟ ಅವರೆಕಾಳನ್ನು ಪ್ರಮೀಳಾ ಒಂದೊಂದಾಗಿ ಹಿಸುಕುತ್ತಿದ್ದಳು. ಬೇಳೆ ಬಟ್ಟಲಿಗೆ, ಸಿಪ್ಪೆ ಮೊರಕ್ಕೆ. ಕೈ ಕೆಲಸದಲ್ಲಿದ್ದರೂ ಕಣ್ಣು ಮಾತ್ರ ಒಳಕೋಣೆಯ ಕಂಪ್ಯೂಟರಿನ ಮೇಲಿತ್ತು.

ಪರದೆ ಕಪ್ಪಾಗಿತ್ತು.

ಈ ವಾರದಲ್ಲಿ ಆರನೇ ಸಲ!

"ಹಾಳಾದ್ದು... ಹೊಸ ಕಾರ್ಡಂತೆ, ಹೊಸದು!" ಎಂದು ಕೈಯಲ್ಲಿದ್ದ ಕಾಳನ್ನು ಎಷ್ಟು ಜೋರಾಗಿ ಹಿಸುಕಿದಳೆಂದರೆ ಬೇಳೆ ಹಾರಿ ಗೋಡೆಗೆ ಬಡಿಯಿತು.

ಬಿಳಿಕೆರೆಯಿಂದ ಒಳಗೆ, ಹೊಲದ ನಡುವಿನ ಈ ಮನೆಯಲ್ಲಿ ಕೂತು ಪ್ರಮೀಳಾ ಜನರಿಗೆ ಅವರು ಮುಂದೆ ಕಟ್ಟಿಸಲಿರುವ ಮನೆಯ ಚಿತ್ರ ಬಿಡಿಸಿಕೊಡುತ್ತಿದ್ದಳು. ಬಾಗಿಲು, ಕಿಟಕಿ, ಬಣ್ಣ, ನೆರಳು ಎಲ್ಲವೂ ಇರುವ ಚಿತ್ರ. ಒಂದೊಂದು ಚಿತ್ರ ಸಿದ್ಧವಾಗಲು ಕಂಪ್ಯೂಟರು ಎರಡು ಗಂಟೆ ತಾನೇ ದುಡಿಯಬೇಕು. ಬೇಗ ಮುಗಿಯಲಿ ಎಂದು ತಮ್ಮನ ಕೈಲಿ ಹೊಸ ಗ್ರಾಫಿಕ್ಸ್ ಕಾರ್ಡ್ ತರಿಸಿ ಹಾಕಿಸಿದಳು. ಹಾಕಿಸಿದ ದಿನದಿಂದ ಅರ್ಧ ಚಿತ್ರಕ್ಕೆ ಯಂತ್ರ ಸತ್ತು ಮತ್ತೆ ಹುಟ್ಟುತ್ತಿತ್ತು.

ಹುಣಸೂರಿನಲ್ಲಿ ಬಡಾವಣೆ ಕಟ್ಟುತ್ತಿದ್ದ ರೇಣುಕಾಪ್ರಸಾದ್ ಎಂಟು ಮನೆಗಳ ಚಿತ್ರ ಕೇಳಿದ್ದರು. ಬೆಳಗ್ಗೆ ಫೋನಿನಲ್ಲಿ ಅವರ ಮಾತು ಹೀಗಿತ್ತು: "ಶನಿವಾರದೊಳಗೆ ಬರ್ಲಿಲ್ಲ ಅಂದ್ರೆ ಮೈಸೂರಿನವ್ರಿಗೆ ಕೊಟ್ಬುಡ್ತೀನಿ ಕಣಮ್ಮ. ಹೆಣ್ಮಕ್ಳು ಮನೇಲಿ ಕೂತು ಮಾಡೋ ಕೆಲ್ಸ ಇಷ್ಟೇ ಅಂತ ನಂಗ್ ಮೊದ್ಲೇ ಗೊತ್ತಿತ್ತು."

ಅಂದು ಬುಧವಾರ.

ಮನೆಯಲ್ಲಿ ಸಲಹೆಗೇನೂ ಬರವಿರಲಿಲ್ಲ. ಇಡೀ ದಿನ ಬಿಳಿಕೆರೆ ಸರ್ಕಲ್ಲಿನಲ್ಲಿ ನಿಂತು ಜ್ಞಾನ ಸಂಪಾದಿಸಿದ್ದ ತಮ್ಮ ರಘು ಕಂಪ್ಯೂಟರಿನ ಮುಂದೆ ಟೇಬಲ್ ಫ್ಯಾನ್ ಇಟ್ಟಿದ್ದ. ಅವ್ವ ಸೋಮಮ್ಮ ದೃಷ್ಟಿಗೆಂದು ಅದಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಳು. ಇಬ್ಬರ ವೈದ್ಯಕ್ಕೂ ಯಂತ್ರ ಸೊಪ್ಪು ಹಾಕಲಿಲ್ಲ.

ಅಂಗಳದಲ್ಲಿ ಬೈಕು ನಿಂತಿತು. ರಘು ಫೋನ್ ಮಾಡಿ ಕರೆಸಿದ್ದ, ಕಾರ್ಡ್ ಮಾರಿದ ಅಂಗಡಿಯವನು ಹೆಲ್ಮೆಟ್ ತೆಗೆದ.

ಪ್ರಮೀಳಾ ಎದ್ದು ನಿಂತಳು. ಮಡಿಲ ಮೇಲಿದ್ದ ಮೊರದ ಸಿಪ್ಪೆಯೆಲ್ಲ ನೆಲಕ್ಕೆ ಚೆಲ್ಲಿತು.

"ನೀವಾ?!"

ಅವನೂ ಅಲ್ಲೇ ನಿಂತುಬಿಟ್ಟ. "ಇದು... ನಿಮ್ಮನೇನಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಫೋಟೋದಲ್ಲಿ ಮಾತ್ರ. ಅವನು ಧರ್ಮೇಂದ್ರ, ವೀರನಹೊಸಹಳ್ಳಿಯವನು, ಹುಣಸೂರಿನಲ್ಲಿ ಕಂಪ್ಯೂಟರ್ ಅಂಗಡಿ. ಹನ್ನೊಂದು ತಿಂಗಳ ಹಿಂದೆ ಅವನ ತಾಯಿ ಬೀರಮ್ಮ ಪ್ರಮೀಳಾಳಿಗೇ ಒಂದು ಕಾಗದ ಬರೆದಿದ್ದಳು, ಜೊತೆಗೆ ಮಗನ ಫೋಟೋ. ತಮ್ಮೂರಿನ ಒಬ್ಬರಿಗೆ ಪ್ರಮೀಳಾ ಮಾಡಿಕೊಟ್ಟ ಮನೆಯ ಚಿತ್ರ ನೋಡಿ, ಹುಡುಗಿ ಯಾರೆಂದು ವಿಚಾರಿಸಿ, ಅವರಿಂದಲೇ ಅವಳ ಫೋಟೋ ಒಂದನ್ನು ಪಡೆದು, ಗೆರೆ ಹಾಳೆಯ ಮೇಲೆ ದಪ್ಪ ದಪ್ಪ ಅಕ್ಷರದಲ್ಲಿ ಬರೆದ ಕಾಗದ.

'ನಮ್ಮ ಮನೆಗೆ ಬಂದರೆ ನಿನ್ನ ಕೆಲಸಕ್ಕೆ ಏನೇನು ಬೇಕು ಬರಿ ಮಗಳೇ. ಅದನ್ನು ಮಾಡಿಟ್ಟು ಆಮೇಲೆ ಬಂದು ಕೇಳುತ್ತೇವೆ. ಬೇಡವಾದರೆ ಬೇಡ ಅಂತ ಬರಿ. ಫೋನು ಬೇಡ. ಫೋನಿನಲ್ಲಿ ಗಂಡಸರು ಮಾತಾಡಿ ಮುಗಿಸುತ್ತಾರೆ.'

ಪ್ರಮೀಳಾ ಅದನ್ನು ಓದಿ ನಕ್ಕಿದ್ದಳು. ರಘುವಿಗೆ ಕೊಟ್ಟು ಅವನನ್ನೂ ನಗಿಸಿದ್ದಳು. ಸ್ಕ್ರೂಡ್ರೈವರ್ ಹಿಡಿಯುವವನಿಗೆ, ಡಿಪ್ಲೊಮಾ ಓದಿದ ತಾನು! ಮದುವೆಗೆ ಮುಂಚೆ ಎಲ್ಲ ಅತ್ತೆಯರೂ ಜೇನು ಸುರಿಸುವವರೇ. ಮದುವೆಯಾದ ಮೇಲೆ ಕಂಪ್ಯೂಟರು ಮೂಲೆಗೆ, ಪೊರಕೆ ಕೈಗೆ. ಆದರೂ 'ಬೇಡ' ಎಂದು ಒಂದು ಗೆರೆ ಬರೆಯಬಹುದಿತ್ತು. ಅಷ್ಟು ಮರ್ಯಾದೆಯನ್ನೂ ಅವಳು ಕೊಡಲಿಲ್ಲ. ಇನ್‌ಲ್ಯಾಂಡ್ ಲೆಟರ್ ತಂದಿಟ್ಟಳು, ನಾಳೆ ನಾಳೆ ಎಂದಳು, ಅದು ಡ್ರಾಯರಿನಲ್ಲೇ ಉಳಿಯಿತು.

"ರಘು! ಹುಣಸೂರಲ್ಲಿ ನಿಂಗೆ ಬೇರೆ ಅಂಗಡಿ ಸಿಗ್ಲಿಲ್ವೇನೋ?"

"ಅವ್ರೊಬ್ಬರ ಅತ್ರಾನೇ ಇದ್ದಿದ್ದು ಕಣಕ್ಕ!" ಎಂದು ರಘು ಹಿತ್ತಲಿಗೆ ಜಾರಿಕೊಂಡ.

ಧರ್ಮೇಂದ್ರ ಗಂಟಲು ಸರಿಮಾಡಿಕೊಂಡ. "ಕಂಪ್ಯೂಟ್ರು ಎಲ್ಲೈತೆ?"

"ಎದುರಿಗೇ ಇದೆಯಲ್ಲ. ಅಷ್ಟೂ ಕಾಣದವ್ರು ಇನ್ನೇನ್ ರಿಪೇರಿ ಮಾಡ್ತೀರಾ?"

ಅವನು ನಿಂಬೆಹಣ್ಣು ಬಿಚ್ಚಿ ಪಕ್ಕಕ್ಕಿಟ್ಟ. "ಇದನ್ನ ಯಾವ ಕಂಪ್ನಿಯವ್ರು ಹಾಕಿದ್ದು?"

ಅವಳಿಗೆ ನಗು ಬರಲಿಲ್ಲ. ಬಂದರೂ ಬಿಡಲಿಲ್ಲ.

ಅವನು ಕಾರ್ಡ್ ಹೊರಗೆಳೆದು, ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಟಕ್ ಎನ್ನುವವರೆಗೆ ಒತ್ತಿ ಕೂರಿಸಿದ. ಕಾರ್ಡನ್ನು ನಡೆಸುವ ಹಳೆಯ ಡ್ರೈವರ್ ತಂತ್ರಾಂಶವನ್ನು ಬೇರುಸಹಿತ ಅಳಿಸಿ ಹೊಸದು ಹಾಕಿದ. ಬಿಸಿ ಎಷ್ಟೇರುತ್ತದೆ ಎಂದು ನೋಡಿದ. ಒಂದು ಚಿತ್ರ ಓಡಲು ಬಿಟ್ಟು ಕೂತ. ಪ್ರಮೀಳಾ ಕೈ ಕಟ್ಟಿಕೊಂಡು ಬಾಗಿಲಲ್ಲೇ ನಿಂತಳು.

"ಏ ಪ್ರಮೀ, ಟೊಮೆಟೊಗೆ ನೀರ್ ಬುಡಲ್ವೇನೆ?" ಸೋಮಮ್ಮ ಕೂಗಿದಳು.

"ಆಮೇಲೆ ಬುಡ್ತೀನಿ ಕಣವ್ವ! ಇಲ್ಲಿ ಕಣ್ಣಿಟ್ಟಿರ್ಬೇಕು. ಯಾವ ಸಾಮಾನು ತೆಗ್ದು ಯಾವುದು ಹಾಕ್ತಾರೋ, ಯಾರಿಗ್ ಗೊತ್ತು!"

ಅವನಿಗೆ ಕೇಳಿಸಲೆಂದೇ ಹೇಳಿದ್ದು. ಕೇಳಿಸಿತು. ಅವನ ಕಿವಿ ಕೆಂಪಾಯಿತು.

ಎರಡು ಗಂಟೆ ಕಳೆಯಿತು. ಯಂತ್ರ ಒಮ್ಮೆಯೂ ಕಣ್ಣು ಮುಚ್ಚದೆ ಚಿತ್ರ ಮುಗಿಸಿತು. "ಸರಿ ಹೋಯ್ತು ಅನ್ಸುತ್ತೆ ಕಣ್ರೀ," ಎಂದು ಅವನು ಹೊರಟ.

ಅವನು ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಟೊಮೆಟೊಗೆ ನೀರು ಬಿಟ್ಟು ಪ್ರಮೀಳಾ ಆಗಷ್ಟೇ ಒಳಗೆ ಬಂದಿದ್ದಳು. ಎರಡನೇ ಚಿತ್ರಕ್ಕೆ ಪರದೆ ಕಪ್ಪು!

"ಧರ್ಮೇಂದ್ರ ಅವ್ರೇ," ಫೋನಿನಲ್ಲಿ ಪ್ರಮೀಳಾಳ ದನಿ ಮಜ್ಜಿಗೆಗಿಂತ ಹುಳಿಯಾಗಿತ್ತು, "ನೀವು ರಿಪೇರಿ ಮಾಡಿದ್ದು ಬಹಳ ಚೆನ್ನಾಗಿದೆ. ಬಂದು ಹೆಣ ಎತ್ಕೊಂಡು ಹೋಗಿ."

ಗುರುವಾರ ಬೆಳಗ್ಗೆ ಅವನು ಯಂತ್ರವನ್ನು ಹುಣಸೂರಿನ ಅಂಗಡಿಗೆ ಒಯ್ದ. ಸಂಜೆ ಪ್ರಮೀಳಾ ಬಸ್ಸು ಹತ್ತಿ ಬಂದಳು. ಅಂಗಡಿಯ ಮೇಜಿನ ಮೇಲೆ ಅವಳ ಕಂಪ್ಯೂಟರು ಗಂಗೆಯಷ್ಟು ಶಾಂತವಾಗಿ ಕೆಲಸ ಮಾಡುತ್ತಿತ್ತು.

"ಬೆಳಗ್ಗಿಂದ ಎಂಟು ಗಂಟೆ ಓಡೈತೆ. ಒಂದ್ಸಲಾನೂ ನಿಂತಿಲ್ಲ," ಎಂದ ಧರ್ಮೇಂದ್ರ. "ನಾಲ್ಕು ಚಿತ್ರ ಮುಗ್ದವೆ."

"ಓಹೋ! ಇಲ್ಲಿ ಬದುಕುತ್ತೆ, ನಮ್ಮನೇಲಿ ಸಾಯುತ್ತೆ. ಏನು ಮಾಟ ಇದು?"

"ಅದೇ ನಂಗೂ ಗೊತ್ತಾಗ್ತಿಲ್ಲ..."

"ನಂಗೆ ಗೊತ್ತು. ಸೇಡು!"

"ಯಾವ ಸೇಡು?"

"ನಿಮ್ಮವ್ವನ ಕಾಗದಕ್ಕೆ ನಾನು ಉತ್ತರ ಬರೀಲಿಲ್ಲ ಅಂತ! ಅದಕ್ಕೇ ಏನೋ ಮಾಡಿಟ್ಟಿದ್ದೀರ. ನನ್ನ ಕೆಲ್ಸ ಹಾಳಾಗ್ಲಿ, ಬುದ್ಧಿ ಬರ್ಲಿ ಅಂತ!"

ಧರ್ಮೇಂದ್ರ ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟ.

"ಉತ್ತರ ಬಂದಿಲ್ಲ ಅಂತ ಗೊತ್ತಿತ್ತು," ಎಂದ. "ನೀವು ಬರ್ದೇ ಇಲ್ಲ ಅಂತ ಈಗ ಗೊತ್ತಾಯ್ತು. ನಮ್ಮವ್ವ ಅಂಗೆ ಅಂದ್ಕೊಂಡಿಲ್ಲ ಕಣ್ರೀ. ಅಂಚೇಲಿ ಕಳ್ದೋಗೈತೆ ಅಂದ್ಕೊಂಡವ್ಳೆ. ಓದಿದ ಹುಡ್ಗಿ ಉತ್ತರ ಬರೀದೇ ಇರ್ತಾಳಾ ಅಂತಾಳೆ. ಅಂಚೆ ನಂಜಣ್ಣ ಊರಿಗ್ ಬಂದಾಗ್ಲೆಲ್ಲ ಬಾಗ್ಲಿಗ್ ಬಂದು ನಿಂತ್ಕೊತಾಳೆ. ಪಾಪ ಆ ಮನುಷ್ಯನ್ನ ಬೈದೂ ಬುಟ್ಟವ್ಳೆ."

ಪ್ರಮೀಳಾ ಪರದೆಯತ್ತ ಮುಖ ತಿರುಗಿಸಿಕೊಂಡಳು.

"ನಂಗೇನೂ ಬರೀಬೇಡಿ. ಬೇಡ ಅಂತಾದ್ರೂ ಅವ್ವನಿಗೆ ಒಂದು ಗೆರೆ ಬರೀರಿ, ಸಾಕು."

'ಬರೀತೀನಿ' ಎನ್ನಬೇಕೆಂದು ಬಾಯಿ ತೆರೆದಳು. ಹಾಳು ಗರ್ವ, ಬಾಯಿಂದ ಬಂದದ್ದು ಬೇರೆಯೇ.

"ಮೊದ್ಲು ಕಂಪ್ಯೂಟ್ರು ಸರಿ ಮಾಡಿ. ಆಮೇಲೆ ಉಪದೇಶ!"

ಆದರೆ ವಾಪಸು ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದಾಗ ಅವಳಿಗೆ ಕಂಡದ್ದು ರಸ್ತೆಯಲ್ಲ. ನೋಡಿಲ್ಲದ ಊರಿನಲ್ಲಿ, ನೋಡಿಲ್ಲದ ಹೆಂಗಸೊಬ್ಬಳು ಬಾಗಿಲಿಗೆ ಬಂದು ನಿಲ್ಲುವುದು... ಛೆ!

ಶುಕ್ರವಾರ ಬೆಳಗ್ಗೆ ಧರ್ಮೇಂದ್ರ ಯಂತ್ರ ತಂದು ಜೋಡಿಸಿದ. ಪಕ್ಕದ ಪ್ಲಗ್ಗಿಗೆ ಒಂದು ಪುಟ್ಟ ಮೀಟರ್ ಸಿಕ್ಕಿಸಿದ. ಅದರಲ್ಲಿ ಕೆಂಪು ಅಂಕಿ ಹೊಳೆಯಿತು: 218.

"ಇದು ಕರೆಂಟಿನ ವೋಲ್ಟೇಜು. ಇವತ್ತು ನಾನಿಲ್ಲಿ ಇಲ್ಲ ಅಂದ್ಕೊಳ್ಳಿ. ದಿನಾ ಏನೇನ್ ಮಾಡ್ತೀರೋ ಅದನ್ನೇ ಮಾಡಿ."

"ಎದುರಿಗೇ ಕೂತಿರೋರನ್ನ ಇಲ್ಲ ಅಂದ್ಕೊಳ್ಳೋದು ಹೆಂಗೆ?"

"ಹನ್ನೊಂದು ತಿಂಗಳು ಅಂದ್ಕೊಂಡಿದ್ರಲ್ಲ."

ಅವಳು ಆರನೇ ಚಿತ್ರ ಓಡಲು ಬಿಟ್ಟು, ತಲೆಗೆ ಟವೆಲ್ ಕಟ್ಟಿಕೊಂಡು ಹೊಲಕ್ಕೆ ನಡೆದಳು. ಅವಳ ರೂಢಿಯೇ ಅದು. ಚಿತ್ರಕ್ಕೂ ಕಾವಲು ಬೇಡ, ಮೋಟಾರಿಗೂ ಕಾವಲು ಬೇಡ. ಎರಡನ್ನೂ ಒಟ್ಟಿಗೆ ಹಚ್ಚಿಬಿಟ್ಟರೆ ತಾನು ಅಡುಗೆಮನೆ ನೋಡಿಕೊಳ್ಳಬಹುದು.

ಪಂಪ್‌ಸೆಟ್ಟಿಗೆ ಬೇಕಾದ ಪೂರ್ತಿ ಕರೆಂಟು ದಿನಕ್ಕೆ ಕೆಲವೇ ಗಂಟೆ. ಉಳಿದ ಹೊತ್ತಿನ ಅರೆಬರೆ ಕರೆಂಟಿನಲ್ಲೇ ಮೋಟಾರನ್ನು ಬಲವಂತದಿಂದ ಓಡಿಸಲು ಹಳ್ಳಿಯವರು ಕಂಡೆನ್ಸರ್ ಡಬ್ಬಿ ಹಾಕಿಸುತ್ತಾರೆ. ಪ್ರಮೀಳಾಳೂ ತಾನೇ ಮುಂದೆ ನಿಂತು ಹಾಕಿಸಿದ್ದಳು. ಅಕ್ಕಪಕ್ಕದ ಹೊಲದವರಿಗೆ ಅದನ್ನು ತೋರಿಸಿ ಮೆರೆದಿದ್ದಳು ಕೂಡ.

ಐದು ನಿಮಿಷಕ್ಕೆ ಅವಳ ಫೋನ್ ಬಡಿದುಕೊಂಡಿತು.

"ಈಗೇನ್ ಮಾಡಿದ್ರಿ?" ಧರ್ಮೇಂದ್ರನ ದನಿ ವಿಚಿತ್ರವಾಗಿತ್ತು.

"ಏನೂ ಇಲ್ಲ. ಮೋಟ್ರು ಹಾಕ್ದೆ."

"ಆರ್ಸಿ, ಬನ್ನಿ ಇಲ್ಲಿ. ಮೀಟರ್ ಮುಂದೆ ನೀವು ಕೂತ್ಕೊಳ್ಳಿ. ನಾನು ಪಂಪ್‌ಹೌಸಿಗೆ ಓಯ್ತೀನಿ."

ಅವಳು ಬಂದು ಕೂತಳು. ಸತ್ತು ಎದ್ದಿದ್ದ ಯಂತ್ರದಲ್ಲಿ ಚಿತ್ರವನ್ನು ಮತ್ತೆ ಓಡಲು ಬಿಟ್ಟಳು. ಅಂಕಿ 217. ಫೋನ್ ಕಿವಿಯಲ್ಲೇ ಇತ್ತು.

"ಹಾಕ್ಲಾ?"

"ಹಾಕಿ."

217... 190... 152!

ಪರದೆ ಕಪ್ಪಾಯಿತು.

ಪ್ರಮೀಳಾ ಕದಲಲಿಲ್ಲ. ಆರು ಸಲ, ಏಳು ಸಲ... ಪ್ರತಿ ಸಲವೂ ತನ್ನದೇ ಕೈ! ತಾನೇ ಇಲ್ಲಿ ಚಿತ್ರ ಹಚ್ಚಿ, ತಾನೇ ಅಲ್ಲಿ ಮೋಟಾರು ಹಾಕಿ ಅದನ್ನು ಆರಿಸಿ, ಊರವರನ್ನೆಲ್ಲ ಬೈದದ್ದು!

ಧರ್ಮೇಂದ್ರ ಕೆಸರುಗಾಲಲ್ಲಿ ಬಾಗಿಲಿಗೆ ಬಂದ. ಅವಳು ತಲೆ ಎತ್ತಲಿಲ್ಲ.

"ಹಳೇ ಕಾರ್ಡು ಕರೆಂಟು ಕಮ್ಮಿ ಕುಡೀತಿತ್ತು, ತಡ್ಕೊತಿತ್ತು," ಎಂದ ಅವನು ಮೆಲ್ಲಗೆ. "ಹೊಸದಕ್ಕೆ ಜಾಸ್ತಿ ಬೇಕು. ಮೋಟ್ರು ಎಲ್ಲಾನೂ ಎಳ್ಕೊಂಡ್ರೆ ಇದಕ್ಕೆ ಸಾಕಾಗಲ್ಲ. ಅಷ್ಟೇಯ."

"ನಗೋದಿದ್ರೆ ನಕ್ಬುಡಿ."

"ಬುಧವಾರ ನನ್ ಮೇಲೆ ಅನುಮಾನ ಪಟ್ಟು ಇಲ್ಲೇ ನಿಂತಿದ್ರಲ್ಲ, ಅದಕ್ಕೇ ಅಷ್ಟೊತ್ತೂ ಮೋಟ್ರು ಓಡ್ಲಿಲ್ಲ, ಇದೂ ನಿಲ್ಲಲಿಲ್ಲ. ನನ್ನ ನಂಬಿ ಒಂದ್ ಗಳಿಗೆ ನೀರ್ ಬುಡಕ್ಕೆ ಹೋಗಿದ್ರೆ ಅವತ್ತೇ ಗೊತ್ತಾಗೋದು."

ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ. ಅವಳ ಕಣ್ಣು ತುಂಬಿತು.

"ನಿಮ್ಮವ್ವನ ಕಾಗದ ಓದಿ ನಾನು ನಕ್ಕಿದ್ದೆ," ಎಂದಳು. "ರಘುಗೂ ತೋರ್ಸಿ ನಕ್ಕಿದ್ದೆ. ಅದನ್ನೂ ತಿಳ್ಕೊಂಡ್ಬುಡಿ."

ಡ್ರಾಯರಿನಿಂದ ಕಾಗದ ತೆಗೆದು ಅವನ ಕೈಗಿಟ್ಟಳು. ತಾಯಿ ಏನು ಬರೆದಿದ್ದಳೆಂದು ಅವನಿಗೂ ಗೊತ್ತಿರಲಿಲ್ಲ. ನಿಂತೇ ಓದಿದ. ಓದಿ ಮುಗಿದರೂ ಹಾಳೆಯಿಂದ ಕಣ್ಣೆತ್ತಲಿಲ್ಲ.

"ಅದಕ್ಕೇನಾ..." ಎಂದ. "ನಮ್ಮನೇ ಹಿಂದಲ ಕೋಣೆ ಖಾಲಿ ಮಾಡ್ಸಿ ಬೀಗ ಹಾಕವ್ಳೆ. ಈ ವರ್ಷ ಹೊಗೆಸೊಪ್ಪು ಇಡಕ್ಕೂ ಜಾಗ ಇರ್ಲಿಲ್ಲ, ಆದ್ರೂ ಬುಡ್ಲಿಲ್ಲ. ಯಾಕವ್ವ ಅಂದ್ರೆ, ಕಾಗದ ಬರ್ಲಿ ತಡಿಯೋ ಅಂತಾಳೆ."

ಪ್ರಮೀಳಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. 'ಅಯ್ಯೋ, ಎಂಥಾ ಹೆಂಗಸನ್ನು ನಾನು ಎಷ್ಟು ಹಗುರ ಮಾಡಿದೆ...'

ಅಂದು ಮೋಟಾರು ತಣ್ಣಗಿತ್ತು. ಕಂಪ್ಯೂಟರು ದುಡಿಯಿತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಎಂಟೂ ಮನೆಗಳು ರೇಣುಕಾಪ್ರಸಾದರ ಮೊಬೈಲಿನಲ್ಲಿದ್ದವು.

"ಚೆನ್ನಾಗವೆ ಕಣಮ್ಮ! ಯಾರ ಕೈಲಿ ಮಾಡಿಸ್ದೆ?"

"ನನ್ನ ಕೈಲಿ. ಮುಂದಿನ ಸಲ ಕೆಲ್ಸ ಕೊಡುವಾಗ ಅದನ್ನ ನೆನಪಿಟ್ಕೊಂಡು ಮಾತಾಡಿ," ಎಂದು ಫೋನ್ ಇಟ್ಟಳು.

ಆಮೇಲೆ ಬಾಗಿಲು ಹಾಕಿಕೊಂಡು ಬರೆಯಲು ಕೂತಳು.

'ಬೀರಮ್ಮನವರಿಗೆ ಪ್ರಮೀಳಾ ಮಾಡುವ ನಮಸ್ಕಾರಗಳು. ಕಾಗದ ಅಂಚೆಯಲ್ಲಿ ಕಳೆದುಹೋಗಿರಲಿಲ್ಲ. ಓದಿದವಳೆಂಬ ಕೊಬ್ಬಿನಿಂದ ನಾನೇ ಬರೆಯಲಿಲ್ಲ. ನಂಜಣ್ಣನವರನ್ನು ಬೈಯಬೇಡಿ, ನನ್ನನ್ನು ಬೈಯಿರಿ. ನೀವು ಕೇಳಿದ್ದಕ್ಕೆ ಉತ್ತರ ಇದು. ಕಿಟಕಿ ಇರುವ ಒಂದು ಕೋಣೆ ಸಾಕು. ಆ ಕೋಣೆಗೆ ಬೇರೆಯದೇ ಕರೆಂಟಿನ ಲೈನು ಬೇಕು, ಅದನ್ನು ಎಳೆಯಲು ನಿಮ್ಮ ಮಗನಿಗೆ ಬರುತ್ತದೆ. ಬಂದು ಕೇಳಿ. ನಾನು ಇಲ್ಲ ಅನ್ನುವುದಿಲ್ಲ.'

ಮೀಟರ್ ಒಯ್ಯುವ ನೆಪದಲ್ಲಿ ಬಂದಿದ್ದ ಧರ್ಮೇಂದ್ರ ಅವಳನ್ನು ಬಿಳಿಕೆರೆಯ ಅಂಚೆ ಪೆಟ್ಟಿಗೆಯವರೆಗೆ ಬೈಕಿನಲ್ಲಿ ಕರೆತಂದ.

"ಕೊಡಿ, ನಾನೇ ತಗೊಂಡೋಯ್ತೀನಿ. ಸಂಜೀಕೆ ಅವ್ವನ ಕೈಲಿರ್ತದೆ."

"ಬೇಡ. ನಂಜಣ್ಣನೇ ಬಾಗ್ಲಿಗೆ ತಂದ್ಕೊಡ್ಲಿ. ಪಾಪ, ಬೈಸ್ಕೊಂಡವ್ರು ಅವ್ರು."

"ಅಲ್ಲೀಗಂಟ ನನ್ ಗತಿ?"

"ಕಾಯಿರಿ."

"ಒಳ್ಳೇದಾ ಕೆಟ್ಟದ್ದಾ, ಅಷ್ಟಾದ್ರೂ ಹೇಳ್ರೀ..."

ಪ್ರಮೀಳಾ ಅವನತ್ತ ತಿರುಗಿದಳು. ಈ ನಾಲ್ಕು ದಿನದಲ್ಲಿ ಅವಳ ಮುಖದಲ್ಲಿ ತಾತ್ಸಾರವಿಲ್ಲದ ಮೊದಲ ನಗು ಅದು.

"ಕೆಟ್ಟದ್ದಾಗಿದ್ರೆ, ಊರೋರೆಲ್ಲ ನೋಡೋ ಹಾಗೆ ನಿಮ್ಮ ಬೈಕ್ ಹಿಂದೆ ಕೂತ್ಕೊಂಡು ಬತ್ತಿದ್ನಾ, ದಡ್ಡ?"

ಅವನು ಏನಾದರೂ ಹೇಳುವ ಮೊದಲೇ ಅವಳು ಮಣಿಕಟ್ಟಿನವರೆಗೆ ಕೈಯನ್ನು ಪೆಟ್ಟಿಗೆಯೊಳಗೆ ತೂರಿಸಿ, ಕಾಗದವನ್ನು ಬಿಟ್ಟಳು.