ಸಹಿ ಹಾಕುವವರಿಲ್ಲದ ಕಚೇರಿ

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಠಾಣೆಗೆ ಬಂದ ದೂರು ಒಂದು ಪಾಸ್‌ಪೋರ್ಟ್ ಕಳವಿನದು. ಕುವೈತಿನಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡವರು ಸಾಮಾನ್ಯವಾಗಿ ಬೆಂಚಿನ ತುದಿಯಲ್ಲಿ ಮುದುಡಿ ಕೂರುತ್ತಾರೆ. ಈತ ಮಾತ್ರ ನಕೀಬ್ ಫಹದ್ ಅವರ ಮೇಜಿನೆದುರಿನ ಮೆತ್ತನೆ ಕುರ್ಚಿಯನ್ನು ತಾನೇ ಎಳೆದುಕೊಂಡು ಕೂತ. ಇದು ಮಂತ್ರಿಯ ಜಾತಿ ಎಂದು ಠಾಣೆಯ ಭಾಷಾಂತರಕಾರ ರೋಹಿದಾಸನಿಗೆ ಅಲ್ಲೇ ಗೊತ್ತಾಯಿತು.

ರೋಹಿದಾಸ ಕಾಪುವಿನವನು. ಅರಬ್ಬಿ, ಇಂಗ್ಲಿಷ್, ಹಿಂದಿ ಮೂರನ್ನೂ ಸರಾಗವಾಗಿ ಆಡುವವನಾದ್ದರಿಂದ, ಪರದೇಶದವರ ದೂರು ಬಂದಾಗಲೆಲ್ಲ ಠಾಣೆಯ ಇನ್‌ಸ್ಪೆಕ್ಟರ್ ಆಗಿದ್ದ ನಕೀಬ್ ಫಹದ್ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು.

ದೂರುದಾರ ಪೆರಾವಾ ಎಂಬ ಪುಟ್ಟ ದ್ವೀಪ ಗಣರಾಜ್ಯದ ಮೀನುಗಾರಿಕೆ ಮಂತ್ರಿ, ಓರಿಯೋ ಮತಾಯಾ. ಜೊತೆಗೆ ಬಂದವನು ಪ್ರಧಾನಿಯ ಪಕ್ಷದ ಸಚೇತಕ ಲೂಕಾ ಫೆನೂ. ಅವನ ಸೊಂಟದಲ್ಲಿ ಒಂದು ಚರ್ಮದ ಚೀಲವಿತ್ತು.

"ಪಾಸ್‌ಪೋರ್ಟ್ ಎಲ್ಲಿತ್ತು?" ಫಹದ್ ಕೇಳಿದರು.

"ನನ್ನ ಚೀಲದಲ್ಲಿ. ಇವತ್ತು ಬೆಳಿಗ್ಗೆ ನೋಡಿದರೆ ಇಲ್ಲ," ಎಂದ ಸಚೇತಕ.

"ಇವರ ಪಾಸ್‌ಪೋರ್ಟ್ ನಿಮ್ಮ ಚೀಲದಲ್ಲಿ ಏಕೆ?"

"ಭದ್ರತೆಗೆ."

"ಯಾರ ಭದ್ರತೆಗೆ?"

ಸಚೇತಕ ಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದ. "ನಮ್ಮಲ್ಲಿ ವೀಸಾ ಕೊಟ್ಟು ಕರೆಸುವ ಧಣಿ, ಕಫೀಲ್ ಕೂಡ ಕೆಲಸಗಾರನ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ," ಎಂದರು ಫಹದ್. "ಈ ಮನುಷ್ಯನನ್ನು ನೀವು ವೀಸಾ ಕೊಟ್ಟು ತಂದಿದ್ದೀರಾ ಎಂದು ಕೇಳು."

ರೋಹಿದಾಸ ಅದನ್ನು ಬಹಳ ಸಂತೋಷದಿಂದ ಭಾಷಾಂತರಿಸಿದ.

ಸಂಗತಿ ಮೆಲ್ಲನೆ ಹೊರಬಿತ್ತು. ಪೆರಾವಾದ ಸಂಸತ್ತಿನಲ್ಲಿ ಇಪ್ಪತ್ತೊಂಬತ್ತು ಸ್ಥಾನ. ನಾಲ್ಕು ಪಕ್ಷಗಳ ಕೂಡುಸರಕಾರ ನಿಂತಿರುವುದು ಒಂದೇ ಮತದ ಮೇಲೆ, ಆ ಮತ ಮತಾಯಾನದು. ಅವನ ಪಕ್ಷಕ್ಕೆ ಅವನೊಬ್ಬನೇ ಶಾಸಕ, ಅವನೇ ಅಧ್ಯಕ್ಷ, ಅವನೇ ಹೈಕಮಾಂಡ್. ಶುಕ್ರವಾರ ವಿಶ್ವಾಸಮತ. ಅಲ್ಲಿಯವರೆಗೆ ವಿರೋಧಿಗಳು ಅವನನ್ನು ಕೊಂಡುಕೊಳ್ಳದಿರಲೆಂದು ಮೀನು ವ್ಯಾಪಾರದ ಮಾತುಕತೆಯ ನೆಪದಲ್ಲಿ ಕುವೈತಿಗೆ ಹಾರಿಸಿ ತಂದಿದ್ದರು. ಊರಿನಲ್ಲಿ ಶಾಸಕರನ್ನು ಬಸ್ಸಿಗೆ ತುಂಬಿ ರೆಸಾರ್ಟಿಗೆ ಸಾಗಿಸುವುದನ್ನು ಟಿವಿಯಲ್ಲಿ ನೋಡಿ ನೋಡಿ ರೋಹಿದಾಸನಿಗೆ ವಾಕರಿಕೆ ಬಂದಿತ್ತು. ಸಮುದ್ರ ದಾಟಿ ಬಂದರೂ ಅದೇ ಕಪ್ಪೆ, ಅದೇ ತಕ್ಕಡಿ.

"ಬುಧವಾರ ರಾತ್ರಿ ವಿಮಾನ," ಎಂದ ಸಚೇತಕ. "ಆ ಕಡೆಗೆ ವಾರಕ್ಕೆ ಒಂದೇ. ತಪ್ಪಿದರೆ ಸರಕಾರ ಬೀಳುತ್ತದೆ."

ಎಫ್‌ಐಆರ್ ದಾಖಲಾಯಿತು.

ಹತ್ತು ಗಂಟೆಗೆ ಹೋಟೆಲಿನ ಕೋಣೆಯಲ್ಲಿ ಪಂಚನಾಮೆ. ಪೇದೆ ಸಾಲೇಂ ಹಾಸಿಗೆ ಎತ್ತಿದ, ಕಪಾಟು ತೆಗೆದ. ರೂಂ ಸರ್ವೀಸಿನ ಅಶ್ಕರ್, ಉಳ್ಳಾಲದ ಬ್ಯಾರಿ ಹುಡುಗ, ಪಂಚನಾಗಿ ನಿಂತಿದ್ದ.

"ಹೊರಗಿನವರು ಯಾರಾದ್ರೂ ಬಂದಿದ್ರಾ?" ರೋಹಿದಾಸ ಕೇಳಿದ.

"ಯಾರೂ ಇಲ್ಲ ಅಣ್ಣ. ಇವರು ರಾತ್ರಿಯಿಡೀ ಫೋನಲ್ಲೇ. ಒಂದು ಫೋನ್ ಇಟ್ಟ್ರೆ ಇನ್ನೊಂದು. ಹಮ್ಮೂರು ಮೀನು ಹೇಳಿ ನಾಲ್ಕು ಪ್ಲೇಟ್ ತಿಂದಿದ್ದಾರೆ, ಮೀನಿನ ಮಂತ್ರಿ ಅಲ್ವಾ."

ಸೂಟ್‌ಕೇಸಿನಲ್ಲಿ ಪಾಸ್‌ಪೋರ್ಟ್ ಸಿಗಲಿಲ್ಲ, ಎರಡು ಭಾಷಣ ಸಿಕ್ಕವು. ಒಂದು ಸರಕಾರವನ್ನು ಬೆಂಬಲಿಸಿ, ಇನ್ನೊಂದು ಸರಕಾರವನ್ನು ಜಾಡಿಸಿ. ಎರಡರಲ್ಲೂ ಆತ್ಮಸಾಕ್ಷಿಯ ಮಾತು ಬಂದಿತ್ತು.

"ಪ್ರಜಾಪ್ರಭುತ್ವದಲ್ಲಿ ಸಿದ್ಧತೆ ಬೇಕು," ಎಂದ ಮಂತ್ರಿ. ಸಚೇತಕ ಅವನನ್ನು ದುರುಗುಟ್ಟಿ ನೋಡಿದ.

"ಬೆಲೆ ಏರಲೆಂದು ಮಂತ್ರಿಯೇ ಅಡಗಿಸಿಟ್ಟಿರಬಹುದೇ?" ಫಹದ್ ಅರಬ್ಬಿಯಲ್ಲಿ ಕೇಳಿದರು.

"ಇಲ್ಲ ಸೀದಿ. ಹಸು ಮಾರುವವನು ಹಸುವನ್ನು ಸಂತೆಗೆ ಒಯ್ಯಲೇಬೇಕು. ಊರಿಗೆ ಹೋಗದಿದ್ದರೆ ಇವನಿಗೆ ಎರಡೂ ಕಡೆಯದು ಹೋಯಿತು."

ಫಹದ್ ತಲೆಯಾಡಿಸಿ ಸಚೇತಕನತ್ತ ತಿರುಗಿದರು. "ಚೀಲ ಸೊಂಟದಿಂದ ಯಾವಾಗ ಬಿಚ್ಚಿದಿರಿ?"

"ಬಿಚ್ಚಿಲ್ಲ."

"ಸ್ನಾನಕ್ಕೆ?"

"ಬಚ್ಚಲಿಗೂ ಒಯ್ಯುತ್ತೇನೆ." ಆಮೇಲೆ ಸ್ವಲ್ಪ ನಾಚಿದ. "ನಿನ್ನೆ ಮಧ್ಯಾಹ್ನ ನಮ್ಮ ರಾಯಭಾರ ಕಚೇರಿಯಲ್ಲಿ ಧ್ವಜದ ಮುಂದೆ ಫೋಟೋ ತೆಗೆಸಿದೆವು. ಚೀಲ ಹೊಟ್ಟೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲವೆಂದು ಗುಮಾಸ್ತೆಯ ಮೇಜಿನ ಮೇಲಿಟ್ಟೆ."

ಚೀಲದಲ್ಲಿ ಹಣವಿತ್ತು, ಸಚೇತಕನ ಪಾಸ್‌ಪೋರ್ಟೂ ಇತ್ತು. ಹೋದದ್ದು ಮಂತ್ರಿಯದು ಮಾತ್ರ. ಹೊಟ್ಟೆಪಾಡಿನ ಕಳ್ಳ ಹಾಗೆ ಆರಿಸುವುದಿಲ್ಲ ಎಂದು ಫಹದ್ ಬರೆದುಕೊಂಡರು.

ಪೆರಾವಾದ ಕಚೇರಿ ಮಿರ್ಕಾಬ್‌ನ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿತ್ತು. ರಾಯಭಾರಿಯ ಅನುಮತಿಯಿಲ್ಲದೆ ಪೊಲೀಸರು ಅದರ ಹೊಸ್ತಿಲು ದಾಟುವಂತಿರಲಿಲ್ಲ. ಅನುಮತಿ ಕೊಡೋಣವೆಂದರೆ ರಾಯಭಾರಿಯೇ ಇರಲಿಲ್ಲ. ಒಂದು ವರ್ಷದ ಮೇಲಾಯಿತು, ವಿದೇಶಾಂಗ ಖಾತೆ ಹಿಡಿದ ಪಕ್ಷ ತನ್ನವನೇ ಆಗಬೇಕೆನ್ನುತ್ತಿತ್ತು. ಎಣ್ಣೆ ದೇಶದ ಹುದ್ದೆ ನಮ್ಮದು ಎಂದು ಪ್ರಧಾನಿಯ ಪಕ್ಷ ಬಿಡುತ್ತಿರಲಿಲ್ಲ. ಫಹದ್ ಮಂತ್ರಿ, ಸಚೇತಕರೊಡನೆ ಮೆಟ್ಟಿಲ ಬಳಿಯೇ ನಿಂತರು. ಗುಮಾಸ್ತೆ ಕಾರ್ಮೆಲ್ ಬಾಗಿಲಿಗೆ ಬಂದಳು.

ಕಾರ್ಮೆಲ್ ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕ್. ಖೈತಾನ್‌ನಲ್ಲಿ ಮನೆ, ಮಗಳು ಪರ್ಲ್ ಅಲ್ಲೇ ಇಂಡಿಯನ್ ಸ್ಕೂಲಿನಲ್ಲಿ. ಗಂಡ ತೀರಿಕೊಂಡ ಮೇಲೆ ಅವಳ ಇಕಾಮಾದ, ಅಂದರೆ ಇಲ್ಲಿ ನೆಲೆಸುವ ಪರವಾನಗಿಯ, ಮೇಲೆಯೇ ಮಗಳ ಇಕಾಮಾ.

"ನಿನ್ನೆ ಇವರು ಬಂದಾಗ ಇಲ್ಲಿ ಯಾರಿದ್ರು, ಬಾಯಿ?" ರೋಹಿದಾಸ ಕೇಳಿದ.

"ನಾನೊಬ್ಬಳೇ. ಬೇರೆ ಯಾರುಂಟು ಇಲ್ಲಿ?"

"ಚೀಲ ಮುಟ್ಟಿದ್ರಾ?"

"ಟೀ ಟ್ರೇ ಇಡ್ಲಿಕ್ಕೆ ಸರಿಸಿದೆ."

"ಮಂತ್ರಿ ಈಗ ಊರಿಗೆ ಹೋಗುದು ಹೇಗೆ?"

"ತುರ್ತು ಪ್ರಯಾಣದ ಪತ್ರ ನಾನೇ ಟೈಪ್ ಮಾಡ್ತೇನೆ. ಸಹಿ ಹಾಕ್ಲಿಕ್ಕೆ ಜನ ಬೇಕಲ್ಲ, ಅಣ್ಣ. ಇವರೇ ಕಳಿಸ್ಲಿಲ್ಲ."

ರೋಹಿದಾಸ ಇದನ್ನು ಇಂಗ್ಲಿಷಿಗೆ ತಂದದ್ದೇ ಮಂತ್ರಿ ಮೆಟ್ಟಿಲ ಮೇಲೆಯೇ ಕೂಗಾಡಿದ. ತನ್ನ ಹಕ್ಕುಚ್ಯುತಿಯಾಗಿದೆ ಎಂದ. ಸಚೇತಕ ಪ್ರಧಾನಿಗೆ ಫೋನು ಹಚ್ಚಿದ. ಅಲ್ಲಿ ಸಂಪುಟದ ತುರ್ತುಸಭೆ ಕೂತಿತು.

ಆ ಹೊತ್ತಿನಲ್ಲಿ ಕಪ್ಪು ಬಟ್ಟೆ ತೊಟ್ಟ ಹೆಂಗಸೊಬ್ಬಳು ಮೆಟ್ಟಿಲೇರಿ ಬಂದು ಗೋಡೆಗೊರಗಿ ನಿಂತಳು. ಹೆಸರು ತೆವಾ, ಪೆರಾವಾದವಳು, ಸಾಲ್ಮಿಯಾದ ಒಂದು ಮನೆಯಲ್ಲಿ ಕೆಲಸ. ರೋಹಿದಾಸ ಕೇಳಿದಾಗ ಮುರುಕು ಹಿಂದಿಯಲ್ಲಿ ಹೇಳಿದಳು: ಅವಳ ಅಕ್ಕ ಮಾಯಿ ಇಲ್ಲೇ ಮನೆಗೆಲಸದಲ್ಲಿದ್ದಳು, ಎದೆನೋವು ಬಂದು ಸತ್ತಳು. ಐದು ತಿಂಗಳಿಂದ ಶವಾಗಾರದಲ್ಲಿದ್ದಾಳೆ. ಹೆಣ ಸಾಗಿಸಲು ರಾಯಭಾರ ಕಚೇರಿಯ ಸಹಿ ಬೇಕು.

"ಇವತ್ತು ಬಂದದ್ದೇಕೆ?"

"ಭಾಯಿ, ಕಾರ್ಮೆಲ್ ಮೇಡಂ ನಿನ್ನೆ ಸಂಜೆ ಫೋನ್ ಮಾಡಿದ್ರು. ನಾಳೆ ಖಂಡಿತ ಸಹಿ ಆಗ್ತದೆ, ರಜೆ ಕೇಳಿ ಬಾ ಅಂದ್ರು."

ನಿನ್ನೆ ಸಂಜೆ ಪಾಸ್‌ಪೋರ್ಟ್ ಹೋದದ್ದು ಸಚೇತಕನಿಗೇ ಗೊತ್ತಿರಲಿಲ್ಲ. ಇವತ್ತು ಸಹಿ ಹಾಕುವವನೊಬ್ಬ ಹುಟ್ಟುತ್ತಾನೆಂದು ಕಾರ್ಮೆಲ್‌ಗೆ ಗೊತ್ತಿದ್ದದ್ದು ಹೇಗೆ? ರೋಹಿದಾಸ ಬಾಗಿಲಿನತ್ತ ನೋಡಿದ. ಕಾರ್ಮೆಲ್ ಅವನನ್ನೇ ನೋಡುತ್ತಿದ್ದಳು.

"ಏನಂತೆ?" ಫಹದ್ ಕೇಳಿದರು.

"ಅಕ್ಕನ ಹೆಣಕ್ಕಾಗಿ ಬಂದಿದ್ದಾಳಂತೆ, ಸೀದಿ," ಎಂದ ರೋಹಿದಾಸ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನು ಅರ್ಧ ಮಾತು ನುಂಗಿದ. ಹೊರಗೆ ಗೊತ್ತಾದರೆ ಅವನ ಇಕಾಮಾವೂ ಖಲಾಸ್.

ಒಂದು ವರ್ಷ ಬಗೆಹರಿಯದ್ದು ಒಂದೂವರೆ ಗಂಟೆಯಲ್ಲಿ ಬಗೆಹರಿಯಿತು. ವಿದೇಶಾಂಗದ ಪಕ್ಷಕ್ಕೆ ಬಂದರು ಖಾತೆಯನ್ನೂ ಕೊಟ್ಟು ಸಮಾಧಾನಪಡಿಸಿದರು. ಲೂಕಾ ಫೆನೂ ಹಂಗಾಮಿ ರಾಯಭಾರಿಯಾದ. ಹೆಣ ಐದು ತಿಂಗಳು ಕಾಯಬಹುದು, ಮತ ಐದು ದಿನ ಕಾಯಲಾರದು. ಇದನ್ನು ಸರಕಾರ ಎನ್ನುವವರ ಮುಖಕ್ಕೆ ಉಗುಳಬೇಕೆನಿಸಿತು ರೋಹಿದಾಸನಿಗೆ.

ಹೊಸ ರಾಯಭಾರಿ ಒಳಗೆ ಹೋಗಿ, ಇನ್ನೂ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿರದ ದೊಡ್ಡ ಕುರ್ಚಿಯಲ್ಲಿ ವೈಭವದಿಂದ ಕೂತ. ಕಾರ್ಮೆಲ್ ಕಾಗದಗಳನ್ನು ಮುಂದಿಟ್ಟಳು. ಮೇಲೆ ಮಂತ್ರಿಯ ಪ್ರಯಾಣಪತ್ರ, ನಡುವೆ ಪೊಲೀಸರ ಪ್ರವೇಶಕ್ಕೆ ಅನುಮತಿ, ಕೆಳಗೆ ಮಾಯಿಯ ಕಾಗದ. ಓದದೆ ಸಹಿ ಹಾಕುವುದು ಸಂಸತ್ತಿನಲ್ಲಿ ರೂಢಿಯಾಗಿದ್ದವನು ಮೂರಕ್ಕೂ ಗೀಚಿದ. ಕಾರ್ಮೆಲ್ ಮೊಹರು ಒತ್ತಿ ಕೆಳಗಿನದನ್ನು ತೆವಾಳ ಕೈಗಿತ್ತಳು. ತೆವಾ ಮೆಟ್ಟಿಲಿಳಿದು, ಟ್ಯಾಕ್ಸಿ ಹತ್ತಿ ಹೋದದ್ದನ್ನು ರೋಹಿದಾಸ ಕಿಟಕಿಯಿಂದ ನೋಡಿದ. ಆಮೇಲೆ ಫಹದ್ ಅವರಿಗೆ ಉಳಿದರ್ಧ ಹೇಳಿದ.

"ಇವತ್ತು ನಿನ್ನ ಭಾಷಾಂತರ ನಿಧಾನ," ಎಂದರು ಫಹದ್.

"ವಾಕ್ಯ ಉದ್ದ ಇತ್ತು, ಸೀದಿ."

ಫಹದ್ ಬರೆಯುತ್ತಿದ್ದ ಪುಸ್ತಕ ಮುಚ್ಚಿದರು. ಆಮೇಲೆ ಒಳಗೆ ಹೋಗಿ ಕಾರ್ಮೆಲ್‌ಳ ಮುಂದೆ ನಿಂತರು. "ಎಲ್ಲಿದೆ?"

ರೋಹಿದಾಸ ಕನ್ನಡಕ್ಕೆ ತರುವ ಮೊದಲೇ ಅವಳಿಗೆ ಅರ್ಥವಾಗಿತ್ತು. "ಕುರ್ಚಿಯ ಪ್ಲಾಸ್ಟಿಕ್ ಒಳಗೆ. ಯಾರೂ ಕೂರದ ಜಾಗ ಅಂತ ಇಟ್ಟೆ. ಅವರನ್ನು ಸ್ವಲ್ಪ ಏಳ್ಲಿಕ್ಕೆ ಹೇಳಿ."

ಹಂಗಾಮಿ ರಾಯಭಾರಿ ಎದ್ದ. ಅವನು ಕೂತಲ್ಲೇ, ತುಸು ಬೆಚ್ಚಗೆ, ಮಂತ್ರಿಯ ಪಾಸ್‌ಪೋರ್ಟ್ ಇತ್ತು. ಪೇದೆ ಸಾಲೇಂ ಮುಖ ತಿರುಗಿಸಿ ನಕ್ಕ. ವಶಪಡಿಸಿಕೊಂಡ ವಸ್ತುವೆಂದು ಪಂಚನಾಮೆಗೆ ಸೇರಿಸಿ, ಮಹಿಳಾ ಪೇದೆಯನ್ನು ಕರೆಸಿ, ಮಧ್ಯಾಹ್ನ ಎರಡಕ್ಕೆ ಕಾರ್ಮೆಲ್‌ಳನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಹೇಳಿಕೆ ಪಡೆಯುವಾಗ ಫಹದ್ ಕೇಳಿದರು, "ಬಾಯಲ್ಲಿ ಕೇಳಬಹುದಿತ್ತಲ್ಲ?"

"ಕೇಳಿದೆ. ಫೋಟೋ ಆದ ಕೂಡ್ಲೆ ಮಂತ್ರಿಗೆ ಮಾಯಿಯ ವಿಷಯ ಹೇಳಿದೆ. ಇನ್ನೊಂದು ಬಿಸ್ಕೀಟ್ ತಗೊಂಡು, ಅದು ನಮ್ಮ ಖಾತೆ ಅಲ್ಲ ಅಂದ್ರು. ಅವರ ಖಾತೆಗೆ ಬರುವ ಹಾಗೆ ಮಾಡಿದೆ, ಅಷ್ಟೆ." ಅವಳು ಮುಂದಿದ್ದ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ತೆವಾ ವಾರ ವಾರ ಬಂದು ಕೂರ್ತಿದ್ಲು. ಕೂತಷ್ಟು ಹೊತ್ತೂ ಅಳ್ತಿರ್ಲಿಲ್ಲ. ಹೋಗುವಾಗ ನನಗೇ ಥ್ಯಾಂಕ್ಸ್ ಹೇಳಿ ಹೋಗ್ತಿದ್ಲು. ಅದನ್ನು ತಡ್ಕೊಳ್ಳಿಕ್ಕೆ ಆಗ್ಲಿಲ್ಲ."

ಫಹದ್ ಅದನ್ನು ಹೇಳಿದಂತೆಯೇ ಬರೆಸಿದರು.

ಗುರುವಾರ ಬೆಳಿಗ್ಗೆ ರೋಹಿದಾಸ ಅವಳನ್ನು ನೋಡಲು ಹೋದ. ಪ್ರಕರಣ ಮುಗಿದ ಮೇಲೆ ಅವಳನ್ನು ಊರಿಗೆ ಕಳಿಸುವುದು ಖಚಿತವಾಗಿತ್ತು. ಪರ್ಲ್ ಸದ್ಯಕ್ಕೆ ನೆರೆಮನೆಯಲ್ಲಿದ್ದಳು. ಕಾರ್ಮೆಲ್ ಮೊದಲು ಮಗಳ ಊಟ ವಿಚಾರಿಸಿದಳು. ಆಮೇಲೆ ಕೇಳಿದಳು, "ಪೆಟ್ಟಿಗೆ ಹೋಯ್ತಾ?"

"ಹೋಯ್ತು ಬಾಯಿ. ನಿನ್ನೆ ರಾತ್ರಿ. ತೆವಾ ಕೂಡ ಹೋದ್ಲು."

"ಮಂತ್ರಿ?"

"ಅದೇ ವಿಮಾನದಲ್ಲಿ. ವಾರಕ್ಕೆ ಒಂದೇ ಅಲ್ವಾ."

ಕಾರ್ಮೆಲ್ ಶಿಲುಬೆಯ ಗುರುತು ಮಾಡಿಕೊಂಡಳು.

"ಪಾಪ ಮಾಯಿ," ಎಂದಳು. "ಐದು ತಿಂಗಳು ಕಾದು, ಕಡೆಗೆ ಅಂಥವನ ಜೊತೆ ಹೋಗ್ಬೇಕಾಯ್ತಲ್ಲ."