ಮೂರನೇ ಮುಹೂರ್ತ

1968ರ ಮೇ 9, ಗುರುವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಸರೋಜ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಠಾಣೆಗೆ ಬಂದಳು. ಅವಳ ಊರು ಪುತ್ತೂರು, ಕೆಲಸ ದ್ವೀಪದ ಆರೋಗ್ಯ ಕಚೇರಿಯ ಲ್ಯಾಬಿನಲ್ಲಿ. ಇನ್ಸ್‌ಪೆಕ್ಟರ್ ನಿತ್ಯಾನಂದ ರೈ ಕಾಸರಗೋಡಿನವರು. ಕನ್ನಡದವರು ಬಂದರೆ ಮೊದಲು ಚಹಾ ತರಿಸಿ ಆಮೇಲೆ ವಿಷಯ ಕೇಳುವ ಮನುಷ್ಯ. ಅವತ್ತು ಸರೋಜ ಅದಕ್ಕೆ ಪುರುಸೊತ್ತು ಕೊಡಲಿಲ್ಲ.

"ಅನಂತಣ್ಣನನ್ನು ಬಿಡಿ ಸಾರ್. ಲಾಸರ್ ಸತ್ತದ್ದು ಅವರ ಅನ್ನ ತಿಂದು ಅಲ್ಲ, ಕಾಲರಾ ಬಂದು."

ಲಾಸರ್ ಹಡಗುಕಟ್ಟೆಯ ಹಮಾಲಿ. ಸೋಮವಾರ ಮಧ್ಯಾಹ್ನ ಅನಂತನ ಮೆಸ್ಸಿನಲ್ಲಿ ಉಂಡವನು ಸಂಜೆಗೆ ವಾಂತಿ ಭೇದಿ ಹಿಡಿದು ಮಂಗಳವಾರ ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟ. ಜನ ಮೆಸ್ಸಿಗೆ ನುಗ್ಗಿ ಕೊಪ್ಪರಿಗೆ ಸಮೇತ ಬೀದಿಗೆ ಎಸೆದರು. ರೈ ಅನಂತನ ಮೇಲೆ ನಿರ್ಲಕ್ಷ್ಯದಿಂದ ಸಾವು ಎಂದು ಕೇಸು ಬರೆದು ಲಾಕಪ್ಪಿಗೆ ಹಾಕಿದ್ದರು. ಕೊಲೆಗಾರನಿಗಾದರೂ ಒಬ್ಬ ವಕೀಲ ಸಿಗುತ್ತಾನೆ. ಅಡುಗೆಯವನಿಗೆ ಜಾಮೀನು ನಿಲ್ಲಲು ಒಂದು ನರಪಿಳ್ಳೆಯೂ ಬರಲಿಲ್ಲ.

"ತಿರುವನಂತಪುರದ ಉಳ್ಳೂರಿನ ಲ್ಯಾಬಿನಿಂದ ರಿಪೋರ್ಟ್ ಬಂದಿದೆಯಲ್ಲಮ್ಮ. ರೋಗಾಣು ಇಲ್ಲ ಅಂತ."

"ಅವರು ನೋಡಿದ್ದು ನಾನು ಕಳಿಸಿದ್ದನ್ನಲ್ಲ. ಬಾಟಲಿಯನ್ನು ಕಚೇರಿಯಲ್ಲಿ ಒಪ್ಪಿಸಿದೆ, ಅಲ್ಲಿಂದ ಒಯ್ದವರು ಯಾರೋ ಗೊತ್ತಿಲ್ಲ. ಲಾಸರನ ಭೇದಿಯನ್ನು ನಾನೇ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ್ದೇನೆ. ಮೀನುಮರಿ ಹಾಗೆ ಓಡ್ತಾ ಇತ್ತು. ಎಲ್ ಟೋರ್ ಅಂತ ಹೊಸ ಜಾತಿಯ ಕಾಲರಾ ಬಂದಿದೆ ಸಾರ್. ಒಬ್ಬ ಮಲಗಿದರೆ ಹತ್ತು ಜನ ಏನೂ ಆಗದವರ ಹಾಗೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗ್ತಾರೆ. ನೀರಿನಲ್ಲೂ ಹಳೆಯದಕ್ಕಿಂತ ಹೆಚ್ಚು ದಿನ ಬದುಕ್ತದೆ. ಈಗ ಹಡಗುಕಟ್ಟೆಯಲ್ಲಿ ಸರಕು ಎತ್ತುವ ವಿಂಚ್ ಓಡಿಸುವವನ ತಾಯಿ ಮಲಗಿದ್ದಾರೆ. ಆ ಅಜ್ಜಿ ಮನೆಯ ಗಂಜಿ ಬಿಟ್ಟು ಬೇರೆ ಏನೂ ತಿನ್ನುವವರಲ್ಲ. ಅವರಿಗೂ ಅನಂತಣ್ಣನೇ ಬಡಿಸಿದರಾ?"

ರೈ ಕಾಗದ ಎಳೆದುಕೊಂಡರು. ಹನ್ನೊಂದೂವರೆಗೆ, ಹೆಸರು ಗೊತ್ತಿಲ್ಲದ ಆರೋಪಿಯ ಮೇಲೆ, ಸಾಕ್ಷ್ಯನಾಶವೆಂದು ಎಫ್‌ಐಆರ್ ದಾಖಲಾಯಿತು.

"ನಿಮ್ಮ ಬಾಟಲಿಗೆ ಗುರುತೇನು?" ಎಂದು ಕೇಳಿದರು ರೈ.

"ಸಮುದ್ರದ ಉಪ್ಪು ಹಾಕಿ ನಾನೇ ಕಾಯಿಸಿದ ಕ್ಷಾರದ ದ್ರವ ಅದರಲ್ಲಿತ್ತು. ಕೆಂಪು ಲಿಟ್ಮಸ್ ಕಾಗದ ಅದ್ದಿದರೆ ನೀಲಿ ಆಗಲೇಬೇಕು."

ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ರೈ ಮತ್ತು ಹೆಡ್ ಕಾನ್‌ಸ್ಟೇಬಲ್ ಔಸೇಪ್ ತಿರುವನಂತಪುರಕ್ಕೆ ಹೊರಟರು. ಔಸೇಪನ ತೊಡೆಯ ಮೇಲಿನ ಡಬ್ಬಿಯಲ್ಲಿ ಆ ಅಜ್ಜಿಯ ಮಾದರಿ ಇತ್ತು. ದಾರಿಯುದ್ದಕ್ಕೂ ಅವನು ಅದನ್ನು ಹಸುಗೂಸಿನ ಹಾಗೆ ಹಿಡಿದು ಕೂತಿದ್ದ. ಉಳ್ಳೂರಿನ ಲ್ಯಾಬಿನಲ್ಲಿ ಹೊಸ ಮಾದರಿ ಒಪ್ಪಿಸಿ, ಇಬ್ಬರು ಪಂಚರನ್ನು ಕರೆದು, ಮಧ್ಯಾಹ್ನ ಎರಡೂ ಹತ್ತಕ್ಕೆ ಹಳೆ ಬಾಟಲಿಯ ಪಂಚನಾಮೆ ಶುರುವಾಯಿತು. ಚೀಟಿ ಸರೋಜಳ ಕೈಬರಹದ್ದೇ. ಮುಚ್ಚಳದ ಅರಗಿನ ಮೇಲೆ ಬಿದ್ದದ್ದು ಆರೋಗ್ಯ ಕಚೇರಿಯದ್ದೇ ಮುದ್ರೆ. ಅಲ್ಲಿನ ವೈದ್ಯರು ಉಳಿದ ದ್ರವಕ್ಕೆ ಕೆಂಪು ಕಾಗದ ಅದ್ದಿದರು. ಐದು ನಿಮಿಷ ಕಾದರೂ ಕಾಗದ ಕೆಂಪಾಗಿಯೇ ಇತ್ತು.

"ಇದು ಬರೀ ನೀರು ಇನ್ಸ್‌ಪೆಕ್ಟರೇ," ಎಂದರು ವೈದ್ಯರು.

"ತಂದುಕೊಟ್ಟವರು ಯಾರು?"

ವೈದ್ಯರು ಸ್ವೀಕೃತಿ ಪುಸ್ತಕ ತಿರುಗಿಸಿ ತೋರಿಸಿದರು. ಮೇ 7, ಸಂಜೆ ಐದು. ಸಹಿ: ರಾಮದಾಸ, ಹೆಲ್ತ್ ಇನ್ಸ್‌ಪೆಕ್ಟರ್.

ರೈಗೆ ಮೈಯೆಲ್ಲ ಉರಿದುಹೋಯಿತು. ಆ ಮುದ್ರೆ ಇರುವುದು ರಾಮದಾಸನ ಮೇಜಿನ ಖಾನೆಯಲ್ಲಿ, ಬೀಗ ಹಾಕಿ. ಅದೇ ರಾಮದಾಸನ ಮಗಳು ವಿನೋದಾಳ ಮದುವೆಯ ಕಾಗದ ರೈಯ ಮೇಜಿನ ಗಾಜಿನ ಕೆಳಗಿತ್ತು. ಮುಹೂರ್ತ ಮೇ 12, ಭಾನುವಾರ. ಅಡುಗೆಗೆ ಗೊತ್ತು ಮಾಡಿದ್ದು ಬೇರೆ ಯಾರನ್ನೂ ಅಲ್ಲ, ಅನಂತನನ್ನೇ. ಬುಧವಾರ ರಾಮದಾಸ ಲಾಕಪ್ಪಿಗೆ ಬಂದಿದ್ದ. ಪಾಪ, ಊರಿನವನನ್ನು ನೋಡಲು ಬಂದ, ಒಳ್ಳೆಯ ಮನುಷ್ಯ ಎಂದುಕೊಂಡು ರೈ ತಾವೇ ಕುರ್ಚಿ ಹಾಕಿಸಿದ್ದರು. ಆ ಒಳ್ಳೆಯ ಮನುಷ್ಯ ಕಂಬಿಯ ಹೊರಗೆ ಕೂತು ಮುನ್ನೂರು ಜನಕ್ಕೆ ಹುಳಿಗೆ ಬೇಳೆ ಎಷ್ಟು, ಪಾಯಸಕ್ಕೆ ಬೆಲ್ಲ ಎಷ್ಟು ಎಂದು ಕೇಳಿ ಬರೆದುಕೊಂಡು ಹೋದ. ಅನಂತನೂ ಬೆರಳು ಮಡಚಿ ಮಡಚಿ ಹೇಳಿದ್ದ. ಥೂ!

ಶನಿವಾರ ಮೂರು ಗಂಟೆಗೆ ಉಳ್ಳೂರಿನಿಂದ ತಂತಿ ಬಂತು. ಅಜ್ಜಿಯ ಮಾದರಿಯಲ್ಲಿ ಎಲ್ ಟೋರ್ ಕಾಲರಾ. ಆ ತಂತಿ ಬರುವ ಎರಡು ಗಂಟೆ ಮೊದಲೇ ಅಜ್ಜಿ ಸತ್ತಿದ್ದರು. ದ್ವೀಪದಲ್ಲಿ ಇನ್ನೂ ಒಂಬತ್ತು ಜನ ಮಲಗಿದ್ದರು.

ನಾಲ್ಕು ಗಂಟೆಗೆ ಜೀಪು ಮದುವೆ ಹಾಲಿನ ಮುಂದೆ ನಿಂತಿತು. ರಾಮದಾಸ ಏಣಿಯ ಬುಡದಲ್ಲಿ ನಿಂತು ಮಾವಿನ ತೋರಣ ಕಟ್ಟಿಸುತ್ತಿದ್ದ.

"ಬನ್ನಿ ಬನ್ನಿ, ಒಂದು ದಿನ ಮುಂಚೆಯೇ ಬಂದಿರಿ!"

"ಒಳಗೆ ನಡಿ," ಎಂದರು ರೈ. ಇಷ್ಟು ವರ್ಷದ ಬಹುವಚನ ಅಲ್ಲಿಗೆ ಮುಗಿಯಿತು.

ಸಾಮಾನಿನ ಕೋಣೆಯಲ್ಲಿ ಅಕ್ಕಿ ಮೂಟೆಗಳ ನಡುವೆ ವಿಚಾರಣೆ ನಡೆಯಿತು. ಔಸೇಪ್ ಬರೆದುಕೊಂಡ.

"ಬಾಟಲಿ ಎಲ್ಲಿ ತೆರೆದೆ?"

"ಆಲಪ್ಪುಳದಲ್ಲಿ. ಬಸ್ಸು ನಿಂತಾಗ."

"ಏನು ತುಂಬಿಸಿದೆ?"

"ಚಹಾ ಅಂಗಡಿಯ ಕಾದಾರಿದ ನೀರು. ಮುದ್ರೆ ಚೀಲದಲ್ಲೇ ಇತ್ತು."

"ಒಳಗಿದ್ದದ್ದನ್ನು ಏನು ಮಾಡಿದೆ?"

ರಾಮದಾಸ ಪಕ್ಕದ ಅಕ್ಕಿ ಮೂಟೆಯ ಹುರಿ ಬಿಗಿಯತೊಡಗಿದ.

"ಕೇಳಿದ್ದಕ್ಕೆ ಬಾಯಿ ಬಿಡು."

"ಅಂಗಡಿಯ ಹಿಂದೆ ನೀರು ಹರಿಯುವ ತೋಡು ಇತ್ತು. ಅದಕ್ಕೆ ಚೆಲ್ಲಿದೆ."

ರೈ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ತೋಡಿಗೆ? ಜನ ಅಕ್ಕಿ ತೊಳೆಯುವ ತೋಡಿಗೆ? ಇಪ್ಪತ್ತು ವರ್ಷ ಮನೆ ಮನೆಗೆ ಹೋಗಿ ನೀರು ಕುದಿಸಿ ಕುಡಿಯಿರಿ ಅಂತ ಬೊಬ್ಬೆ ಹೊಡೆದವನು ನೀನೇ ಅಲ್ವೇನೋ ಪಾಪಿ!" ಅವರ ಕೈ ಮೇಲೆದ್ದಿತ್ತು. ಔಸೇಪ್ ನಡುವೆ ಬರದಿದ್ದರೆ ಬೀಳುತ್ತಿತ್ತು.

"ಕಾಲರಾ ಅಂತ ಸಾರಿದರೆ ಸಭೆ ಸಮಾರಂಭ ಎಲ್ಲ ಬಂದ್," ಎಂದ ರಾಮದಾಸ. "ಎರಡು ಸಲ ಮುಹೂರ್ತ ತಪ್ಪಿದೆ. ಒಂದು ಸಲ ಅವರ ಕಡೆ ಸೂತಕ. ಇನ್ನೊಂದು ಸಲ ಯುದ್ಧ ಬಂತು, ಹುಡುಗ ನೇವಿಯವನು, ರಜೆ ಸಿಗಲಿಲ್ಲ. ಮಗಳಿಗೆ ಇಪ್ಪತ್ತೆಂಟು. ಇದೂ ತಪ್ಪಿದರೆ ಅಪಶಕುನದ ಹುಡುಗಿ ಅಂತಾರೆ, ಯಾರೂ ಕಟ್ಟಿಕೊಳ್ಳೋದಿಲ್ಲ. ಐದೇ ದಿನ ಅಂದುಕೊಂಡೆ. ಸೋಮವಾರ ನಾನೇ ಹೇಳ್ತಿದ್ದೆ."

ಐದು ದಿನ! ರೋಗಕ್ಕೆ ಇವನ ಮನೆಯ ಪಂಚಾಂಗ ಗೊತ್ತಿತ್ತೇನು?

ನಾಲ್ಕೂ ಐವತ್ತಕ್ಕೆ ದಸ್ತಗಿರಿ. ಸಾಕ್ಷ್ಯನಾಶ, ಗೊತ್ತಿದ್ದೂ ಪ್ರಾಣಾಂತಕ ರೋಗ ಹರಡಿಸಿದ್ದು. ಎರಡನೆಯದಕ್ಕೆ ಕಾನೂನು ಕೊಡುವ ಶಿಕ್ಷೆ ಹೆಚ್ಚೆಂದರೆ ಎರಡು ವರ್ಷ. ಆರು ಗಂಟೆಗೆ ಕಲೆಕ್ಟರರ ಆದೇಶ ಬಂತು, ಹಾಲಿಗೆ ಬೀಗ ಬಿತ್ತು. ಆಲಪ್ಪುಳಕ್ಕೂ ತಂತಿ ಹೋಯಿತು.

ಲಾಕಪ್ಪಿನ ಬಾಗಿಲು ತೆಗೆದದ್ದು ರೈಯೇ. "ತಪ್ಪಾಯಿತು ಅನಂತ," ಎಂದರು.

"ಮೊದಲ ದಿನವೇ ಹೇಳಿದೆನಲ್ಲ ಸಾರ್, ಅದೇ ಅನ್ನ ನಾನೂ ಉಂಡಿದ್ದೇನೆ ಅಂತ," ಎಂದ ಅನಂತ. ಒಳಗೆ ಬರುತ್ತಿದ್ದ ರಾಮದಾಸನನ್ನು ಕಂಡು ಪಕ್ಕಕ್ಕೆ ಸರಿದು ಮೆಟ್ಟಿಲಿಳಿದು ಹೋದ.

ಏಳು ಗಂಟೆಗೆ ವಿನೋದಾ ಬಂದಳು. ಕೈಯಲ್ಲಿ ತಂದೆಯ ಒಂದು ಜೊತೆ ಬಟ್ಟೆ, ಕೆನ್ನೆಯ ಮೇಲೆ ಪೂರ್ತಿ ತೊಳೆಯದ ಅರಿಸಿನ. ಕೊಚ್ಚಿಯಲ್ಲೇ ಬೆಳೆದವಳು, ತಂದೆ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ ಎಂದು ರಾಮದಾಸ ಯಾವಾಗಲೂ ಗೊಣಗುತ್ತಿದ್ದ. ಅವಳು ಚೀಲದಿಂದ ಒಂದು ಇನ್‌ಲ್ಯಾಂಡ್ ಕಾಗದ ತೆಗೆದು ರೈಯ ಮೇಜಿನ ಮೇಲಿಟ್ಟಳು. ಹುಡುಗ ಏಪ್ರಿಲ್‌ನಲ್ಲಿ ಬರೆದದ್ದು. ಮುಹೂರ್ತ ಇನ್ನು ಹತ್ತು ಸಲ ತಪ್ಪಿದರೂ ನಾನು ಕಾಯುತ್ತೇನೆ, ನೀನು ಹೆದರಬೇಡ ಎಂದಿತ್ತು ಅದರಲ್ಲಿ.

ಆಮೇಲೆ ಕಂಬಿಯ ಹತ್ತಿರ ಹೋಗಿ, ತಂದೆಗೆ ಅರ್ಥವಾಗಲೇಬೇಕು ಎನ್ನುವ ಹಾಗೆ, ತಡವರಿಸುವ ಕನ್ನಡದಲ್ಲಿ ಹೇಳಿದಳು.

"ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲಪ್ಪಾ."